ಸರಪಳಿಗೆ ಕೊಸರು

ನಮ್ಮೂರು ಜತ್ತಿನಿಂದ ಶೇಗಾಂವಕ್ಕೆ ಹೋಗುವ ದಾರಿಯಲ್ಲಿ ಒಂದು ಏರು ಇದೆ. ಹೋದ ಚಳಿಗಾಲದವರೆಗೂ ಆ ಏರಿನ ಅರ್ಧಕ್ಕೆ ಬಂದೆನೆಂದರೆ ನನಗೆ ಫೋನು ಬರುತ್ತಿತ್ತು. ಬರುತ್ತಿತ್ತು ಎಂದರೆ, ಬರುತ್ತಿರಲಿಲ್ಲ, ಬಂದಂತೆ ಮಾಡಿಕೊಳ್ಳುತ್ತಿದ್ದೆ. ಸೈಕಲ್ಲಿನಿಂದ ಇಳಿದು, ಕಿಸೆಯಿಂದ ಫೋನು ತೆಗೆದು ಕಿವಿಗೆ ಹಿಡಿದು, "ಹೌದ್ರಿ, ಖರೇ ಐತ್ರಿ, ನೋಡೂಣ್ರಿ" ಎನ್ನುತ್ತ ಉಳಿದ ಅರ್ಧವನ್ನು ನಡೆದೇ ಹತ್ತುತ್ತಿದ್ದೆ. ಏರು ಮುಗಿಯುವುದಕ್ಕೂ ಮಾತು ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ಇಷ್ಟು ಅಚ್ಚುಕಟ್ಟಾದ ಸಂಭಾಷಣೆಯನ್ನು ನಾನು ನಿಜವಾದ ಫೋನಿನಲ್ಲಿ ಎಂದೂ ನಡೆಸಿದವನಲ್ಲ.

ಈ ನಾಟಕಕ್ಕೆ ಒಬ್ಬ ಪ್ರೇಕ್ಷಕನೂ ಇದ್ದ. ದರಿಬಡಚಿಯ ಕುರಿಗಾರ ಮಾಳಪ್ಪ. ರವಿವಾರ ಬೆಳಿಗ್ಗೆ ಏರಿನ ನೆತ್ತಿಯ ಮೇಲೆ ಕುರಿಗಳನ್ನು ಬಿಟ್ಟುಕೊಂಡು, ಕಂಬಳಿ ಹೊದ್ದು ಕಲ್ಲಿನ ಮೇಲೆ ಕೂತಿರುತ್ತಿದ್ದ. ಅವನ ಹಿಂದೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಕೆಳಗೆ ನಾನೂ ಅವುಗಳಷ್ಟೇ ನಿಧಾನವಾಗಿ ಪೆಡಲು ತುಳಿಯುತ್ತಿದ್ದೆ.

"ಮುಗೀತೇನ್ರಿ ಗುರುಜಿ ಮಾತು?"

"ಮುಗೀತಪಾ."

"ಪ್ರತೀ ಐತವಾರ ಇಲ್ಲೇ ಬರ್ತೈತಿ ನೋಡ್ರಿ ನಿಮಗ ಫೋನ. ಇಲ್ಲಿ ರೇಂಜ್ ಭಾಳ ಚಲೋ ಐತಿ ಕಾಣ್ತೈತಿ."

ಅವನ ಮುಖದಲ್ಲಿ ನಗುವಿನ ಸುಳಿವೂ ಇರುತ್ತಿರಲಿಲ್ಲ. ಅದೇ ನನ್ನನ್ನು ಕೊಲ್ಲುತ್ತಿದ್ದುದು. ಲೆಕ್ಕವನ್ನು ಅರ್ಧಕ್ಕೆ ಬಿಟ್ಟ ಮಕ್ಕಳಿಗೆ ವಾರದ ಆರು ದಿನ ಬುದ್ಧಿ ಹೇಳುವ ಶಿಕ್ಷಕ ನಾನು. ಐವತ್ತು ದಾಟಿದ ಅಂಥವನು ಏಳನೆಯ ದಿನ ರಸ್ತೆಯನ್ನು ಅರ್ಧಕ್ಕೆ ಬಿಟ್ಟು ಇಲ್ಲದ ಮನುಷ್ಯನಿಗೆ ನಮಸ್ಕಾರ ಹೇಳುವುದೆಂದರೆ ಏನು? ಒಮ್ಮೆಯಾದರೂ, ಒಂದೇ ಒಂದು ರವಿವಾರವಾದರೂ, ಮಾಳಪ್ಪನ ಕಲ್ಲಿನವರೆಗೆ ಇಳಿಯದೆ ಹೋಗಬೇಕು. ಈ ಆಸೆ ನನ್ನನ್ನು ಹಿಡಿದುಕೊಂಡಿತು.

ಸೈಕಲ್ಲಿನ ವಿಚಾರ ಹೇಳಬೇಕು. ನಮ್ಮ ಜತ್ತಿನಿಂದ ಬದಲಿಯಾಗಿ ಹೋಗುವಾಗ ಸಹೋದ್ಯೋಗಿಯೊಬ್ಬರು ನನ್ನ ಕೊರಳಿಗೆ ಕಟ್ಟಿ ಹೋದ ರೋಡ್ ಬೈಕು ಅದು. ತೆಳ್ಳಗಿನ ಟೈರು, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು, ಹಿಂದೆ ಏಳು ಹಲ್ಲುಗಾಲಿ. ಹಿಂದಿನ ಹಲ್ಲುಗಾಲಿಗೆ ಹಲ್ಲು ಹೆಚ್ಚಿದ್ದಷ್ಟೂ ಏರು ಹಗುರಾಗುತ್ತದೆ. ಸೈಕಲ್ ಶಾಸ್ತ್ರದಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಇದೊಂದೇ. ನನ್ನ ಸೈಕಲ್ಲಿನ ಅತಿ ದೊಡ್ಡದಕ್ಕೆ ಇದ್ದದ್ದು ಇಪ್ಪತ್ತೆಂಟು ಹಲ್ಲು. ತಪ್ಪು ನನ್ನ ಕಾಲಿನದಲ್ಲ, ಹಲ್ಲಿನದು ಎಂದು ಗೊತ್ತಾದ ದಿನ ನನಗಾದ ಸಮಾಧಾನ ಇಷ್ಟಿಷ್ಟಲ್ಲ. ಕಾಲು ಬದಲಿಸಲು ಬರುವುದಿಲ್ಲ, ಹಲ್ಲು ಬದಲಿಸಬಹುದು. ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಿಡಿಭಾಗ ಹುಡುಕುವುದು ಒಂದು ತಪಸ್ಸು. ಹೆಸರಾಂತ ಕಂಪನಿಯದು ಬೇಕೆಂದರೆ ಒಂದು ಹಲ್ಲುಗಾಲಿಯ ಬೆಲೆಗೆ ನನ್ನ ಇಡೀ ಸೈಕಲ್ಲು ಬಂದೀತು. ಹೆಸರೇ ಉಚ್ಚರಿಸಲಾಗದ ಕಂಪನಿಗಳದು ಅಗ್ಗ. ಆದರೆ ಚಿಂತೆ ಮಾಡುವವನಿಗೆ ಅಗ್ಗದ್ದು ಎಂಬುದಿಲ್ಲ. ಉಳಿದ ಹಣಕ್ಕೆ ಸರಿಯಾಗಿ ನಿದ್ದೆ ಕೊಡಬೇಕಾಗುತ್ತದೆ. ಕೊಂಡವರು ಬರೆದ ಅಭಿಪ್ರಾಯಗಳನ್ನು ಓದತೊಡಗಿದೆ. ಐದು ನಕ್ಷತ್ರ ಕೊಟ್ಟವರನ್ನು ನಾನು ನಂಬುವುದಿಲ್ಲ, ಅವರು ಸುಖವಾಗಿರುವ ಜನ. ಒಂದೇ ನಕ್ಷತ್ರ ಕೊಟ್ಟವರೆಲ್ಲ ನನ್ನ ಬಂಧುಗಳು. ಅವರಲ್ಲೊಬ್ಬ ಹಲ್ಲುಗಾಲಿ ಎರಡು ವಾರಕ್ಕೆ ಕಿತ್ತುಬಂತೆಂದು ಅತ್ತಿದ್ದ. ನಾನು ಅವನ ಜೊತೆ ನಾಲ್ಕು ದಿನ ಅತ್ತೆ. ಇನ್ನೊಬ್ಬನ ದೂರು, ಪಾರ್ಸಲ್ ತಂದವನು ಮೂರನೆಯ ಮಹಡಿ ಹತ್ತಲಿಲ್ಲ ಎಂಬುದು. ನಮ್ಮ ಮನೆಗೆ ಮಹಡಿಯೇ ಇಲ್ಲ ಎಂಬುದು ಹೊಳೆಯುವ ಹೊತ್ತಿಗೆ ಆ ಚಿಂತೆಯನ್ನೂ ಅರ್ಧ ಮಾಡಿ ಮುಗಿಸಿದ್ದೆ.

ನಡುವೆ ಹಗುರದ ಹುಚ್ಚೂ ಹಿಡಿಯಿತು. ಸೀಟಿನ ಕೆಳಗಿನ ಕೊಳವೆಯನ್ನು ಅಲ್ಯುಮಿನಿಯಂದಕ್ಕೆ ಬದಲಿಸಿದರೆ ನೂರೈವತ್ತು ಗ್ರಾಂ ಉಳಿಯುತ್ತದೆ ಎಂದು ಹೆಂಡತಿ ಮಹಾದೇವಿಗೆ ವಿವರಿಸಿದೆ. ಮನೆಯ ಮುಂಭಾಗದಲ್ಲಿರುವ ಕಿರಾಣಿ ಅಂಗಡಿಯನ್ನು ನೋಡಿಕೊಳ್ಳುವವಳು ಅವಳು. ಗ್ರಾಮಿನ ವಿಷಯದಲ್ಲಿ ಅವಳೆದುರು ಮಾತಾಡಬಾರದಿತ್ತು. ಸೈಕಲ್ಲಿಗೆ ಕಟ್ಟಿದ್ದ ನನ್ನ ಚೀಲವನ್ನು ಬಿಚ್ಚಿ ತಕ್ಕಡಿಯ ಮೇಲಿಟ್ಟಳು. ಒಳಗೆ ಎರಡು ಟ್ಯೂಬು, ಪಂಪು, ಮಾಗಿಯಲ್ಲೂ ರೇನ್‌ಕೋಟು, ಬೆಳಗಿನ ಬಿಸಿಲಿಗೂ ಟಾರ್ಚು, ಮುಲಾಮು, ಬೆಲ್ಲ, ಎರಡು ಬಾಟಲಿ ನೀರು, ಮತ್ತು ಈ ಚೀಲ ಹರಿದರೆ ಇರಲಿ ಎಂದು ಮಡಿಚಿಟ್ಟ ಇನ್ನೊಂದು ಚೀಲ.

"ನಾಲ್ಕೂವರಿ ಕಿಲೋ," ಎಂದಳು. "ಇದರಾಗ ಸಾಮಾನ ಎಷ್ಟ, ಅಂಜಿಕಿ ಎಷ್ಟ ಅನ್ನೂದನ್ನ ನೀವ ಬ್ಯಾರೆ ಮಾಡಿ ಹೇಳ್ರಿ."

ಕೊಳವೆಯ ಆಸೆ ಅಲ್ಲಿಗೆ ಬಿಟ್ಟೆ. ಕೊನೆಗೆ ತರಿಸಿದ್ದು ಮೂರು ವಸ್ತು: ಅತಿ ದೊಡ್ಡದಕ್ಕೆ ಮೂವತ್ನಾಲ್ಕು ಹಲ್ಲಿದ್ದ ಏಳು ಗಾಲಿಗಳ ಗೊಂಚಲು, ಅಷ್ಟು ದೊಡ್ಡ ಹಲ್ಲುಗಾಲಿಯ ಮೇಲೆ ಸರಪಳಿಯನ್ನು ದಾಟಿಸಬಲ್ಲ ಉದ್ದ ಕಾಲಿನ ಡಿರೇಲರು, ಒಂದು ಹೊಸ ಸರಪಳಿ.

ಜೋಡಿಸಿದವನು ಬಾಳೂ ಮಿಸ್ತ್ರಿ. ಅವನ ಕಸುಬು ದಾಳಿಂಬೆ ತೋಟದ ಔಷಧಿ ಪಂಪುಗಳ ರಿಪೇರಿ. ಆದರೆ ಜತ್ತಿನಲ್ಲಿ ದೊಡ್ಡ ಇಕ್ಕಳ ಕೂರಿಸಿದ ಮೇಜು ಇರುವುದು ಅವನಲ್ಲಿ, ಅವಸರವಿಲ್ಲದ ಕೈ ಇರುವುದೂ ಅವನಲ್ಲೇ. ಹಳೆಯ ಗೊಂಚಲು ಚಕ್ರವನ್ನು ಬಿಟ್ಟು ಬರಲೊಲ್ಲದು. ಬಿಚ್ಚುವ ಹಲ್ಲಿನ ಕೀಲಿಯನ್ನು ಇಕ್ಕಳಕ್ಕೆ ಕಚ್ಚಿಸಿ, ಅದರ ಮೇಲೆ ಚಕ್ರವನ್ನು ಅಡ್ಡ ಮಲಗಿಸಿ, "ಆ ಬಾಜೂ ಹಿಡೀರಿ ಗುರುಜಿ," ಎಂದ. ಇಬ್ಬರೂ ಎದುರುಬದುರು ನಿಂತು ಬೀಸುಕಲ್ಲು ತಿರುಗಿಸಿದಂತೆ ತಿರುಗಿಸಿದೆವು. ಹಾಡೊಂದು ಕಡಿಮೆ. ಟಕ್ ಎಂದು ಅದು ಬಿಟ್ಟುಕೊಂಡಾಗ ಚಕ್ರವೇ ಮುರಿಯಿತೆಂದು ನಾನು ಕಣ್ಣು ಮುಚ್ಚಿಕೊಂಡೆ.

"ಮುರದಿಲ್ರಿ, ಬಿಟ್ಟೈತಿ. ಕಣ್ಣ ತಗೀರಿ."

ಹೊಸದನ್ನು ಕೂರಿಸಿದ. ಡಿರೇಲರು ಕಟ್ಟಿದ. ಸರಪಳಿಯನ್ನು ಮುಂದಿನ ದೊಡ್ಡದಕ್ಕೂ ಹಿಂದಿನ ದೊಡ್ಡದಕ್ಕೂ ಸುತ್ತಿ ಅಳೆದ. "ಎಂಟ ಕೊಂಡಿ ಜಾಸ್ತಿ ಐತಿ, ಕತ್ತರಸ್ತೀನಿ."

ನನ್ನ ಮೂಲ ರೋಗ ಹೊರಬಿದ್ದದ್ದು ಆಗ. "ಎರಡು ಇರ್ಲಿ," ಎಂದೆ. ಸ್ವಲ್ಪ ಹೊತ್ತಿಗೆ, "ಇನ್ನೆರಡು ಇರ್ಲಿ." ಮಿಸ್ತ್ರಿ ಕತ್ತರಿ ಹಿಡಿದುಕೊಂಡೇ ಕಾದ. "ಕತ್ತರಿಸಿದ ಮ್ಯಾಲ ಕಡಿಮಿ ಬಿತ್ತಂದ್ರ ಏನ ಮಾಡೂಣು?" ಎಂದೆ. ಕೊನೆಗೆ ಎಂಟೂ ಉಳಿದವು.

ಕೊಸರಿನಲ್ಲಿ ಹುಟ್ಟಿ ಬೆಳೆದವರು ನಾವು. ಅಜ್ಜ ಅಂಗಡಿಯಲ್ಲಿ ಜೋಳ ಅಳೆದು ಕೊಟ್ಟಮೇಲೆ ಮತ್ತೊಂದು ಹಿಡಿ ಹಾಕದಿದ್ದರೆ ಗಿರಾಕಿಯ ಸೆರಗು ಚಾಚಿಯೇ ಇರುತ್ತಿತ್ತು. ಆ ಹಿಡಿಗೆ ಬೆಲೆಯಿಲ್ಲ, ಆದರೆ ಅದಿಲ್ಲದೆ ವ್ಯಾಪಾರ ಮುಗಿಯುವುದೂ ಇಲ್ಲ. ಮನೆಯಲ್ಲಿ ಅಡಿಗೆಗೆ ಕೂತವರು ಬಾರದ ಒಬ್ಬ ಜಂಗಮನ ಲೆಕ್ಕ ಹಿಡಿದು ಎರಡು ರೊಟ್ಟಿ ಹೆಚ್ಚು ಬಡಿಯುತ್ತಾರೆ. ಅಷ್ಟೇಕೆ, ಸೂರ್ಯಚಂದ್ರರ ಲೆಕ್ಕ ಕೂಡಿಬರದಿದ್ದಾಗ ನಮ್ಮ ಪಂಚಾಂಗದವರು ತಲೆ ಕೆಡಿಸಿಕೊಳ್ಳದೆ ಒಂದು ಅಧಿಕ ಮಾಸವನ್ನೇ ಹಾಕಿಬಿಟ್ಟರಲ್ಲ? ಕಾಲಕ್ಕೇ ಕೊಸರು ಕೊಟ್ಟ ಜನ ನಾವು. ನಾನಂತೂ ಬಸ್ಸಿಗೆ ಒಂದು ಗಂಟೆ ಮುಂಚೆ ಹೋಗಿ, ನನಗೆ ಬೇಕಾದದ್ದರ ಹಿಂದಿನ ಬಸ್ಸು ಹೊರಡುವುದನ್ನು ನೋಡಿ, ತಪ್ಪಿಹೋಯಿತೇನೋ ಎಂದು ಹೆದರುವವನು. ಅಂಥವನು ಸರಪಳಿಗೆ ಎಂಟು ಕೊಂಡಿ ಕೊಸರು ಕೇಳಿದ್ದರಲ್ಲಿ ಆಶ್ಚರ್ಯವೇನು?

ಸರಪಳಿಗೆ ನಮ್ಮ ಸಂಪ್ರದಾಯ ಗೊತ್ತಿರಲಿಲ್ಲ. ಮುಂದಿನ ರವಿವಾರ ಹೊರಟೆ. ಸಪಾಟು ರಸ್ತೆಯಲ್ಲಿಯೇ ಅದು ಸಡಿಲು ಪಂಚೆಯ ಹಾಗೆ ಜೋತುಬಿದ್ದು ಕಟಕಟ ಅನ್ನತೊಡಗಿತು. ಏರಿನ ಬುಡದಲ್ಲಿ ಒಂದು ತಗ್ಗು. ಅದರಲ್ಲಿ ಕುಕ್ಕಿದೊಡನೆ ಸರಪಳಿ ಪೂರ್ತಿ ಕಳಚಿ ಚಕ್ರಕ್ಕೂ ಚೌಕಟ್ಟಿಗೂ ನಡುವೆ ಹೋಗಿ ಕೂತಿತು. ಎಳೆದೆ, ಬೇಡಿಕೊಂಡೆ, ಬರಲಿಲ್ಲ. ಹಿಂದಿನ ಚಕ್ರವನ್ನು ಎತ್ತಿ ಹಿಡಿದು, ಮೊಣಕೈವರೆಗೆ ಕರಿ ಎಣ್ಣೆ ಬಳಿದುಕೊಂಡು ಹತ್ತಿದೆ. ಎರಡೂ ಕೈ ಸೈಕಲ್ಲಿಗೆ ಸಿಕ್ಕಿದ್ದರಿಂದ ಫೋನು ಹಿಡಿಯಲೂ ಆಗಲಿಲ್ಲ.

"ಯಾಕ್ರಿ ಗುರುಜಿ," ಎಂದ ಮಾಳಪ್ಪ, ಕಾಳಜಿಯಿಂದಲೇ, "ಇವತ್ತ ಫೋನ ಬರಲಿಲ್ಲೇನ್ರಿ?"

ಸೈಕಲ್ಲನ್ನು ಮತ್ತೆ ಒಯ್ದಾಗ ಬಾಳೂ ಮಿಸ್ತ್ರಿಯೂ ನಗಲಿಲ್ಲ. ಸರಪಳಿ ಅಳೆದು ಎಂಟು ಕೊಂಡಿ ಕತ್ತರಿಸಿ ನನ್ನ ಅಂಗೈಯಲ್ಲಿಟ್ಟ. "ತೊಗೋರಿ ನಿಮ್ಮ ಕೊಸರು. ಜ್ವಾಳಕ್ಕ ಹೆಚ್ಚಾದ್ರ ಕೋಳಿ ತಿಂತಾವ. ಇದಕ್ಕ ಹೆಚ್ಚಾದ್ರ ಯಾರ ತಿಂತಾರ? ನೀವ ತಿನಬೇಕ." ಅಳತೆಗೆ ತಕ್ಕ ಸರಪಳಿ ಒಂದರಿಂದ ಏಳಕ್ಕೆ, ಏಳರಿಂದ ಒಂದಕ್ಕೆ ಬೆಣ್ಣೆಯ ಮೇಲೆ ಹರಿದಂತೆ ಹರಿಯಿತು. ಹೆಸರು ಉಚ್ಚರಿಸಲಾಗದ ಆ ಕಂಪನಿಯ ಬಗ್ಗೆ ನನಗೆ ಅಂದೇ ಗೌರವ ಹುಟ್ಟಿತು.

ಮರು ರವಿವಾರ. ಚೀಲದಿಂದ ರೇನ್‌ಕೋಟನ್ನೂ ಎರಡನೆಯ ಚೀಲವನ್ನೂ ತೆಗೆದಿಟ್ಟೆ. ಟಾರ್ಚು ಬಿಡಲು ಮನಸ್ಸಾಗಲಿಲ್ಲ. ತಗ್ಗು ದಾಟಿದೆ, ಸರಪಳಿ ಅಲುಗಲಿಲ್ಲ. ಏರು ಶುರುವಾದಂತೆ ನಾಲ್ಕನೆಯದಕ್ಕೆ ಹಾಕಿದೆ, ಐದಕ್ಕೆ, ಆರಕ್ಕೆ. ಉಳಿದದ್ದು ಒಂದೇ: ಏಳನೆಯದು, ಮೂವತ್ನಾಲ್ಕು ಹಲ್ಲಿನದು, ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆನೋ ಅದು. ಬೆರಳು ಗೇರಿನ ಸನ್ನೆಯ ಮೇಲೆ ಹೋಯಿತು. ಈಗಲೇ ಹಾಕಿಬಿಟ್ಟರೆ, ಮುಂದೆ ಇನ್ನೂ ಕಡಿದಾದಾಗ ಏನು ಮಾಡುವುದು? ಲೈಟಿನ ಕಂಬದವರೆಗೆ ಹೀಗೇ ಹೋಗೋಣ ಎಂದುಕೊಂಡೆ. ಕಂಬ ಬಂತು. ಜಾಲಿ ಗಿಡದವರೆಗೆ ನೋಡೋಣ ಎಂದುಕೊಂಡೆ.

ನಾನು ಯಾವಾಗಲೂ ಇಳಿಯುವ ಜಾಗ ಬಂತು. ಅಲ್ಲಿಯೇ, ಸರಿಯಾಗಿ ಅಲ್ಲಿಯೇ, ಕರೆ ತಪ್ಪೀತೆಂದು ಪೂರ್ತಿ ಜೋರಿಗಿಟ್ಟಿದ್ದ ಫೋನು ಕಿಸೆಯಲ್ಲಿ ಹೊಡೆದುಕೊಳ್ಳತೊಡಗಿತು. ನಿಜವಾದ ಫೋನು! ಮನೆಗೆ ಬೆಂಕಿ ಬಿದ್ದಿದೆ, ಅಂಗಡಿ ಕುಸಿದಿದೆ, ಮಹಾದೇವಿ ಜಾರಿ ಬಿದ್ದಿದ್ದಾಳೆ ಎಂದು ಮೂರು ಅನಾಹುತಗಳು ಮೂರು ತುಳಿತದಲ್ಲಿ ಕಣ್ಣಮುಂದೆ ಬಂದವು. ಮೇಲಿನಿಂದ ಮಾಳಪ್ಪ ಎದ್ದು ನಿಂತು ಕೂಗಿದ: "ಗುರುಜೀ! ಫೋನ ಬರಾಕತ್ತೈತ್ರೀ!"

"ಬರ್ಲಿ ಬಿಡೋ!" ಎಂದು ನಾನೂ ಕೂಗಿದೆ. ಅಷ್ಟು ದೊಡ್ಡ ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಕುರಿಗಳು ರಸ್ತೆ ಬಿಟ್ಟು ಸರಿದವು. ತೊಡೆ ಉರಿಯಿತು, ಕಿವಿಯಲ್ಲಿ ನಗಾರಿ ಬಡಿಯಿತು, ರಸ್ತೆ ಮೆಲ್ಲಗೆ ಸಪಾಟಾಯಿತು. ಮುಂದಿನ ಚಕ್ರ ಮಾಳಪ್ಪನ ಕಲ್ಲನ್ನು ದಾಟಿತು. ದಾಟಿದ ಮೇಲೂ ನಿಲ್ಲಿಸಲು ನೆನಪಾಗದೆ ಹತ್ತು ಮಾರು ಮುಂದೆ ಹೋದೆ.

ಉಸಿರು ಬಂದಮೇಲೆ ಮೊದಲು ಮನೆಗೆ ಫೋನು ಮಾಡಿದೆ. "ಏನಾತು? ಎಲ್ಲಾ ಆರಾಮ ಅದೀರಿಲ್ಲೋ?"

"ನಮಗೇನಾಗೈತ್ರಿ? ಏರ ಹತ್ತಿದ್ರೋ ಇಲ್ಲೋ ಅಂತ ಕೇಳಾಕ ಮಾಡಿದ್ನಿ."

"ಹತ್ತೂಮುಂದs ಯಾಕ ಮಾಡ್ತೀ ಮಾರಾಯ್ತಿ?"

"ನೀವ ಯಾವಾಗ್ಲೂ ಆ ಏರಿನ್ಯಾಗs ಫೋನಿನ್ಯಾಗ ಮಾತಾಡ್ತೀರಂತಲ್ಲ. ಮಾಳಪ್ಪ ಚಾಪುಡಿ ಒಯ್ಯಾಕ ಬಂದಾಗ ಹೇಳಿದ್ದ. ಅದಕ್ಕ ಆ ಹೊತ್ತು ನೋಡೇ ಮಾಡಿದ್ನಿ."

ಮಾಳಪ್ಪ ಗಾಳಿಯಂತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಬೇರೆ ದಿನವಾಗಿದ್ದರೆ ನಾಚಿಕೆಯಿಂದ ಕುಗ್ಗುತ್ತಿದ್ದೆ. ಅಂದು ಗಟ್ಟಿಯಾಗಿ ನಕ್ಕೆ; ಅವನೂ ಕಡೆಗೂ ಹಲ್ಲು ಬಿಟ್ಟ. ಆಮೇಲೆ ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತ.

"ಚೈನ ಈ ದೊಡ್ಡದರ ಮ್ಯಾಲ ಇಲ್ಲಲ್ರಿ. ಅದರ ಬಾಜೂದರ ಮ್ಯಾಲ ಐತಿ."

ಹೌದು. ಆರನೆಯದರ ಮೇಲೆಯೇ ಇತ್ತು. ಮುಂದೆ ಬೇಕಾದೀತೆಂದು ಉಳಿಸುತ್ತ ಉಳಿಸುತ್ತ ಏರೇ ಮುಗಿದುಹೋಗಿತ್ತು. "ಎಷ್ಟ ಹಲ್ಲ ಅದಾವ ನೋಡು ಅದಕ್ಕ," ಎಂದೆ. ಓಡುವ ಕುರಿಯನ್ನೇ ಎಣಿಸುವವನಿಗೆ ನಿಂತ ಹಲ್ಲು ಯಾವ ಲೆಕ್ಕ? "ಇಪ್ಪತ್ನಾಕ," ಎಂದ. ನಂಬದೆ ನಾನೂ ಎರಡು ಸಲ ಎಣಿಸಿದೆ. ಇಪ್ಪತ್ನಾಲ್ಕೇ. ಹಳೆಯದರಲ್ಲಿ ಇಪ್ಪತ್ತೆಂಟು ಹಲ್ಲಿನ ಮೇಲೆ ಹತ್ತಲಾಗದೆ ಇಳಿದವನು, ಅದಕ್ಕಿಂತ ಭಾರವಾದ ಇಪ್ಪತ್ನಾಲ್ಕರ ಮೇಲೆ ಕೂತು ಮೇಲೆ ಬಂದಿದ್ದೆ. ಇದನ್ನು ಮಾಳಪ್ಪನಿಗೆ ಬಿಡಿಸಿ ಹೇಳಿದೆ.

ಅವನು ಇನ್ನೊಮ್ಮೆ ಹಲ್ಲುಗಳ ಮೇಲೆ ಬೆರಳಾಡಿಸಿದ. "ಹಂಗಾದ್ರ ಹಳೇದ್ರಾಗೂ ಹತ್ತಬಹುದಿತ್ತಲ್ರಿ, ಗುರುಜಿ?"

"ಇಲ್ಲ ಮಾಳಪ್ಪ. ಅದರಾಗ ಇಪ್ಪತ್ತೆಂಟರದs ಕಡೀ ಗಾಲಿ ಆಗಿತ್ತು. ಇದರಾಗ ಇನ್ನೊಂದ ಐತಿ."

ಆಮೇಲೆ ಎಷ್ಟೋ ರವಿವಾರ ಆ ಏರು ಹತ್ತಿದ್ದೇನೆ, ಒಮ್ಮೆಯೂ ಇಳಿದಿಲ್ಲ. ಮೂವತ್ನಾಲ್ಕು ಹಲ್ಲಿನ ಆ ಗಾಲಿ ಪೆಟ್ಟಿಗೆಯಿಂದ ಬಂದ ದಿನದ ಹಾಗೆಯೇ ಹೊಳೆಯುತ್ತಿದೆ. ಜಾಲಿ ಗಿಡದ ಹತ್ತಿರ ಒಮ್ಮೆ ಬಗ್ಗಿ ನೋಡಿಕೊಳ್ಳುತ್ತೇನೆ. ಇರುತ್ತದೆ. ಮುಂದಕ್ಕೆ ತುಳಿಯುತ್ತೇನೆ.