ಕೆಂಚಜ್ಜಿ ಆರಾಮಾಗಿ ಬಂದಳು

ನಮ್ಮಣ್ಣನ ಬಸ್ಸಿನ ಪರ್ಮಿಟ್ಟನ್ನು ಮುಳುಗಿಸಲು ಎದುರು ಪಾರ್ಟಿಯವರು ಚಿತ್ರದುರ್ಗದಲ್ಲಿ ದೊಡ್ಡ ವಕೀಲರನ್ನೇ ಹಿಡಿದಿದ್ದರು. ದಪ್ಪ ಫೈಲು, ಕರಿ ಕೋಟು, ಹಿಂದೆ ಇಬ್ಬರು ಜೂನಿಯರ್ರು. ಪಾಪ, ಅಷ್ಟೆಲ್ಲ ಖರ್ಚು ಮಾಡುವ ಅಗತ್ಯವೇ ಇರಲಿಲ್ಲ. ಆ ಕೆಲಸವನ್ನು ಅಣ್ಣನ ಅತ್ತೆ ಕೆಂಚಜ್ಜಿ ಎರಡೇ ಮಾತಿನಲ್ಲಿ, ಅದೂ ಬಿಟ್ಟಿಯಾಗಿ ಮಾಡಿಕೊಟ್ಟಳು.

(ಕೆಂಚಜ್ಜಿ ನಮ್ಮ ಕಡೆಯ ಸಾಕ್ಷಿ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.)

ಅಣ್ಣ ತಿಪ್ಪೇಶಿ ಇರುವುದು ಹೊಸದುರ್ಗದಲ್ಲಿ. ಅವನದು ಒಂದೇ ಒಂದು ಬಸ್ಸು. ಹೊಸದುರ್ಗ ಬಿಟ್ಟು, ಹಿರಿಯೂರು ಹಾದು, ಧರ್ಮಪುರದವರೆಗೆ ಹೋಗಿ ಬರುತ್ತಿತ್ತು. ಬೆಳಿಗ್ಗೆ ಎದ್ದರೆ ಮನೆದೇವರಿಗಿಂತ ಮೊದಲು ಅದಕ್ಕೆ ಊದುಬತ್ತಿ ಹಚ್ಚುತ್ತಾನೆ. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಅವನ ಮುಖ ಕಿವುಚಿಕೊಳ್ಳುತ್ತದೆ.

ಧರ್ಮಪುರ ದಾಟಿದರೆ ಆಂಧ್ರ. ಗಡಿಯ ಆಚೆಗೆ ಅತ್ತಿಗೆಯ ತವರೂರು. ಅಲ್ಲಿಯವರೂ ನಮ್ಮ ಹಾಗೆಯೇ ಕುರಿ ಸಾಕುವವರು, ಹೊಲ ಮಾಡುವವರು. ಮಾತನ್ನು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವ ಜನ. ನಾವು ಅಲ್ಲಿಂದ ಹೆಣ್ಣು ತರುತ್ತೇವೆ, ಅಲ್ಲಿಗೆ ಹೆಣ್ಣು ಕೊಡುತ್ತೇವೆ. ಕುರಿ ಹಿಂಡಂತೂ ಮೇವು ಕಂಡ ಕಡೆ ನುಗ್ಗುತ್ತದೆ. ಇದಕ್ಕೆಲ್ಲ ಯಾವ ಸರ್ಕಾರವೂ ಪರ್ಮಿಟ್ಟು ಕೇಳಿದ್ದನ್ನು ನಾನು ಕಾಣೆ. ಬಸ್ಸಿಗೆ ಮಾತ್ರ ಬೇಕು!

ಬೇಕು ಅಂದರೆ ಅದೇನು ಸುಮ್ಮನೆಯೇ? ಆ ತವರೂರಿನವರೆಗೂ ಬಸ್ಸು ಬಿಡಲು ಅಣ್ಣ ಅರ್ಜಿ ಹಾಕಿದ್ದ. ಆ ದಾರಿ ಎರಡು ರಾಜ್ಯಗಳ ಒಪ್ಪಂದದಲ್ಲಿ ಇರಬೇಕು. ನಮ್ಮ ಕಡೆಯವರು ಪರ್ಮಿಟ್ಟು ಕೊಡಬೇಕು. ಇವರು ಕೊಟ್ಟಿದ್ದನ್ನು ಆ ಕಡೆಯವರು ಒಪ್ಪಿ ಕೌಂಟರ್ ಸೈನ್ ಹಾಕಬೇಕು. ಅದಕ್ಕೂ ಮೊದಲು, ಆ ದಾರಿಯಲ್ಲಿ ಈಗಾಗಲೇ ಬಸ್ಸು ಓಡಿಸುವವರ ತಕರಾರಿದ್ದರೆ ಕೇಳಬೇಕು. ತಕರಾರು ಇಲ್ಲದೆ ಇರುತ್ತದೆಯೇ? ನಮ್ಮ ಪ್ರೈವೇಟ್ ಬಸ್ಸಿನ ಲೋಕದಲ್ಲಿ ಎರಡು ನಿಮಿಷದ ಟೈಮಿಂಗ್‌ಗೋಸ್ಕರ ಜನ ಮಾತು ಬಿಟ್ಟಿದ್ದಾರೆ.

"ಇಷ್ಟೆಲ್ಲ ಒದ್ದಾಟ ಯಾಕಣ್ಣ? ಇರೋ ರೂಟು ಚೆನ್ನಾಗೈತಲ್ಲ" ಅಂದೆ.

"ಕಲೆಕ್ಷನ್ ಆಗ್ತೈತೆ ಕಣವ್ವ. ಸಂತೆ ಜನ ಅವ್ರೆ, ಕುರಿ ಯಾಪಾರದೋರು ಅವ್ರೆ" ಅಂದ. ಹೇಳುವಾಗ ಅಡುಗೆಮನೆಯ ಕಡೆ ನೋಡುತ್ತಿದ್ದ.

ಅಡುಗೆಮನೆಯಲ್ಲಿ ಅತ್ತಿಗೆ ರೊಟ್ಟಿ ತಟ್ಟುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅವಳು ಒಂದು ಮಾತು ಅಂದಿದ್ದಳಂತೆ. "ನಿಮ್ ಬಸ್ಸು ಎಲ್ಲಾರ ಊರಿಗೂ ಹೋಗ್ತೈತೆ, ನಮ್ಮವ್ವನ ಊರಿಗೆ ಮಾತ್ರ ಹೋಗಲ್ಲ." ಅಣ್ಣ ಅದನ್ನು ಇಷ್ಟು ವರ್ಷವಾದರೂ ಮರೆತಿಲ್ಲ. ಆದರೆ ಹೆಂಡತಿಗೋಸ್ಕರ ಪರ್ಮಿಟ್ಟಿಗೆ ಅರ್ಜಿ ಹಾಕಿದೆ ಎಂದು ಬಾಯಿಬಿಟ್ಟು ಹೇಳುವ ಗಂಡಸು ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಬೇಕಷ್ಟೆ.

ಕೆಂಚಜ್ಜಿಯದು ಮಕ್ಕಳು, ಸೊಸೆಯರು, ಮೊಮ್ಮಕ್ಕಳು ತುಂಬಿದ ಮನೆ. ಆದರೂ ಮಗಳನ್ನು ನೋಡಬೇಕು ಅನ್ನಿಸಿದರೆ ಒಂದು ಕೋಳಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಬಿಡುತ್ತಿದ್ದಳು. ಈಚೆಗೆ ಬರುವುದು ಕಡಿಮೆಯಾಗಿತ್ತು. ಮೊಣಕಾಲು ನೋವು. (ಅವಳ ಜೊತೆ ಕೋಳಿ ಬರುವುದೂ ಕಡಿಮೆಯಾಗಿತ್ತು. ಅದು ನನ್ನ ದುಃಖ.) ಬಸ್ಸು ಆ ಊರಿಗೆ ಹೋದರೆ ಅಜ್ಜಿ ತನ್ನ ಮನೆ ಹತ್ತಿರ ಹತ್ತಿ ಮಗಳ ಊರಿನಲ್ಲಿ ಇಳಿಯಬಹುದು. ಹೋಗದಿದ್ದರೆ ಆ ಮೊಣಕಾಲನ್ನು ನಂಬಿಕೊಂಡು ಇನ್ನೆಷ್ಟು ಸಲ ಬಂದಾಳು? ಅಣ್ಣನ ಕಲೆಕ್ಷನ್ನಿನ ಲೆಕ್ಕವೆಲ್ಲ ಇಷ್ಟೇ.

ಅಂತೂ ತಕರಾರು ಕೇಳಲು ಚಿತ್ರದುರ್ಗದಲ್ಲಿ ಸಾರಿಗೆ ಅಧಿಕಾರಿಗಳ ಸಭೆ ಗೊತ್ತಾಯಿತು. ತಕರಾರು ಹಾಕಿದ್ದವರು ಧರ್ಮಪುರದ ಕಡೆಗೇ ಬಸ್ಸು ಬಿಡುವ ಇನ್ನೊಬ್ಬ ಮಾಲೀಕರು. ಗಡಿಯಾಚೆಯ ಜನಕ್ಕೆ ಓಡಾಡಲು ಏನೂ ತೊಂದರೆಯಿಲ್ಲ, ಆದ್ದರಿಂದ ಹೊಸ ಸರ್ವಿಸ್ ಬೇಕಿಲ್ಲ ಎಂಬುದು ಅವರ ವಾದ. ಹಾಗಾದರೆ ತೊಂದರೆ ಪಡುವವರನ್ನೇ ಕರೆತಂದು ಮುಂದೆ ನಿಲ್ಲಿಸೋಣ ಎಂದು ನಾನೇ ಐಡಿಯಾ ಕೊಟ್ಟೆ. (ಪೇಪರಿಗೆ ಬರೆಯುವವಳು ಎಂಬ ಕಾರಣಕ್ಕೆ ಮನವಿ ಬರೆಯುವ ಕೆಲಸವೂ ನನ್ನ ತಲೆಗೇ ಬಂದಿತ್ತು. 'ಸಾರಿಗೆ ಸೌಲಭ್ಯದಿಂದ ವಂಚಿತರಾದ ಗಡಿಭಾಗದ ಜನತೆ' ಎಂದೆಲ್ಲ ಬರೆದಿದ್ದೆ. ಓದಿಕೊಂಡರೆ ನನಗೇ ಅಳು ಬರುವಂತಿತ್ತು.)

ಕೆಂಚಜ್ಜಿಯೂ ಆ ಊರಿನ ನಾಲ್ಕೈದು ಜನರೂ ಬರುವುದೆಂದಾಯಿತು.

"ಕಾರು ಕಳ್ಸಾಣ" ಅಂದಳು ಅತ್ತಿಗೆ.

ಅಣ್ಣ ಹೌಹಾರಿದ. "ಲೇ, ಕಾರ್‌ನಾಗೆ ಬಂದಿಳಿದು ನಮಗೆ ಬಸ್ಸಿಲ್ಲ ಅಂದ್ರೆ ಯಾರ್ ನಂಬ್ತಾರೆ? ಹೆಂಗೂ ಯಾವಾಗ್ಲೂ ಪಡೋ ಕಷ್ಟ, ಇದೊಂದಿನ ಪಟ್ಕಂಡು ಬರ್ಲಿ."

ಕಾನೂನಿನ ಪ್ರಕಾರ ಅಣ್ಣ ಹೇಳಿದ್ದು ಸರಿ. ಅವತ್ತು ಅವನ ರೊಟ್ಟಿಗೆ ಬೆಣ್ಣೆ ಬೀಳಲಿಲ್ಲ, ಅದು ಬೇರೆ ವಿಷಯ.

ಸಭೆಯ ದಿನ ಎಲ್ಲರೂ ಬಂದರು. ಅತ್ತಿಗೆಯೂ ನಮ್ಮ ಜೊತೆ ಬಂದಿದ್ದಳು. ಅಜ್ಜಿ ಕೋಳಿ ಇದ್ದ ಚೀಲವನ್ನು ವಾಚ್‌ಮನ್‌ಗೆ ಒಪ್ಪಿಸಿ, ಅದಕ್ಕೆ ಸ್ವಲ್ಪ ನೀರು ಕುಡಿಸಪ್ಪ ಎಂದು ಹೇಳಿ ಬಂದಳು. ಅವಳ ಸೀರೆಯ ಅಂಚಿಗೆ ಕೆಸರು ಮೆತ್ತಿ ಒಣಗಿತ್ತು. ಆ ಕಡೆ ಮಳೆ ಬಂದಿರಬೇಕು ಅಂದುಕೊಂಡೆ. ಕಚೇರಿಯ ಜಗಲಿಯಲ್ಲೇ ನಿಲ್ಲಿಸಿಕೊಂಡು ರಿಹರ್ಸಲ್ ಮಾಡಿಸಿದೆ.

"ಸಾಹೇಬ್ರು ಕೇಳ್ತಾರೆ ಅಜ್ಜಿ, ಬಸ್ಸಿಲ್ದೆ ಏನು ತೊಂದ್ರೆ ಅಂತ. ಇದ್ದದ್ದು ಇದ್ದಂಗೆ ಹೇಳ್ಬೇಕು."

"ಹೇಳ್ತೀನಿ ಬಿಡವ್ವ. ಅದಕ್ಕೇನಂತೆ."

ಸಭೆ ನಡೆಸುತ್ತಿದ್ದ ಸಾಹೇಬರು ಗದರುವ ಪೈಕಿ ಅಲ್ಲ. ಅದೇ ನಮ್ಮ ಗ್ರಹಚಾರ. ಮೊಣಕಾಲು ಹಿಡಿದುಕೊಂಡು ಒಳಗೆ ಬಂದ ಅಜ್ಜಿಯನ್ನು ಕಂಡವರೇ ಕುರ್ಚಿ ಹಾಕಿಸಿದರು, ನೀರು ತರಿಸಿದರು. ಮಾತಿನ ಧಾಟಿಯಲ್ಲೇ ಗೊತ್ತಾಯಿತು, ಅವರೂ ನಮ್ಮ ಸೀಮೆಯವರೇ.

"ಕುಂತ್ಕಳ್ರಿ ಅಜ್ಜಿ. ಆರಾಮಾಗಿ ಬಂದ್ರಾ?"

ಅಜ್ಜಿ ನೀರು ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮುಖ ಅರಳಿಸಿ ಹೇಳಿದಳು.

"ಆರಾಮಾಗಿ ಬಂದ್ವಿ ಸ್ವಾಮಿ."

"ದಾರ್ಯಾಗೆ ಏನೂ ತೊಂದ್ರೆ ಆಗ್ಲಿಲ್ವಾ?"

"ಏನೂ ಇಲ್ಲ. ಹಿಂಗ್ ಹೊಂಟ್ವಿ, ಹಿಂಗ್ ಬಂದ್ವಿ."

ಜೊತೆಗೆ ಬಂದಿದ್ದವರೂ "ಹೂಂ ಸ್ವಾಮಿ, ಆರಾಮು" ಎಂದು ತಲೆಯಾಡಿಸಿದರು. ಹಿರಿಯಳು ಹೇಳಿದ ಮೇಲೆ ಎದುರಾಡುವುದುಂಟೇ?

ಎದುರು ವಕೀಲರು ಎದ್ದರು. "ನಮ್ಮ ವಾದವೂ ಇದೇ ಸರ್. ದಯವಿಟ್ಟು ದಾಖಲಿಸಿಕೊಳ್ಳಬೇಕು" ಅಂದರು. ಕೂತರು. ಆ ದಪ್ಪ ಫೈಲನ್ನು ಬಿಚ್ಚಲೇ ಇಲ್ಲ. ಅಣ್ಣ ತಲೆಯ ಮೇಲೆ ಕೈ ಹೊತ್ತುಕೊಂಡ. ನನಗೆ ಸಿಟ್ಟು, ನಗು ಎರಡೂ ಒಟ್ಟಿಗೇ ಬಂದು ಕೆಮ್ಮು ಹತ್ತಿತು.

ಆದರೆ ಅಜ್ಜಿಯನ್ನು ಬೈಯಲು ಸಾಧ್ಯವೇ? ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು ಕೊಡುತ್ತೇವೆ, ಆಮೇಲೆ "ಆರಾಮಾಗಿ ಬಂದ್ರಾ?" ಅನ್ನುತ್ತೇವೆ. ಅದಕ್ಕೆ ಇರುವುದು ಒಂದೇ ಉತ್ತರ. ಟೈರು ಪಂಕ್ಚರ್ ಆಗಿರಲಿ, ಸುಡುಬಿಸಿಲಲ್ಲಿ ಕಾದಿರಲಿ, ಕಂಕುಳಲ್ಲಿದ್ದ ಮಗು ದಾರಿಯುದ್ದಕ್ಕೂ ವಾಂತಿ ಮಾಡಿರಲಿ, ನಾವು ಬಂದದ್ದು ಆರಾಮಾಗಿಯೇ. ಕಷ್ಟವಾಯಿತು ಅಂದರೆ ಕರೆದವರನ್ನು ದೂರಿದಂತಾಗುತ್ತದಲ್ಲ! ನಮ್ಮ ಚಿಕ್ಕಮ್ಮ ಭರಮಸಾಗರದಿಂದ ಚಿತ್ರದುರ್ಗದವರೆಗೆ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಬಂದು, "ಸೀಟು ಸಿಕ್ತು ಕಣೆ, ಅದೂ ಕಿಟಕಿ ಪಕ್ಕ" ಅಂದದ್ದನ್ನು ಈ ಕಿವಿಯಾರೆ ಕೇಳಿದ್ದೇನೆ. (ಅದೇ ಬಸ್ಸಿನಲ್ಲಿ ಬಂದ ಪಕ್ಕದ ಮನೆಯವರು ಆಮೇಲೆ ನಿಜ ಹೇಳಿದರು.) ಊಟ ಆಯ್ತಾ ಅಂದರೆ ಆಯ್ತು. ಹುಷಾರಾ ಅಂದರೆ ಹುಷಾರು. ಇಂಥ ಜನರನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ನಿಮಗೇನು ತೊಂದರೆ ಎಂದು ಕೇಳಿದರೆ ಯಾವ ಸರ್ಕಾರಕ್ಕೆ ತಾನೇ ನಿಜ ಗೊತ್ತಾದೀತು?

ಸಾಹೇಬರು ಪೆನ್ನಿನ ಕ್ಯಾಪು ಹಾಕಿದರು. "ಸರಿ, ಮತ್ತೇನಾದ್ರೂ ಹೇಳೋದೈತಾ?"

ಅಜ್ಜಿಗೆ ಇದು ಬೀಳ್ಕೊಡುವ ಮಾತೆಂದು ಅರ್ಥವಾಯಿತು. ಬೀಳ್ಕೊಡುವಾಗ ಏನು ಹೇಳಬೇಕೋ ಅದನ್ನೇ ಹೇಳಿದಳು.

"ಒಂದ್ಸಲ ನಮ್ಮೂರಿಗೆ ಬರ್ರಿ ಸ್ವಾಮಿ. ನಾಟಿ ಕೋಳಿ ಸಾರು, ಮುದ್ದೆ ಮಾಡ್ಸಿ ಇಕ್ತೀನಿ."

"ಬರಾಣ ಬಿಡ್ರಿ ಅಜ್ಜಿ" ಎಂದು ಸಾಹೇಬರು ನಕ್ಕರು. "ಹೆಂಗೆ ಬರ್ಬೇಕು ನಿಮ್ಮೂರಿಗೆ?"

ಅಜ್ಜಿ ಕುರ್ಚಿಯ ತುದಿಗೆ ಸರಿದು ಕೂತಳು. ಮನೆಗೆ ಬರುವ ನೆಂಟರಿಗೆ ದಾರಿ ತಪ್ಪಬಾರದಲ್ಲ!

"ಧರ್ಮಪುರದಾಗೆ ಇಳ್ಕಳ್ರಿ. ಬೆಳಿಗ್ಗೆ ಆದ್ರೆ ಹಾಲಿನ ಗಾಡಿ ಸಿಗ್ತೈತೆ, ಹಿಂದ್ಗಡೆ ಕ್ಯಾನ್ ಹಿಡ್ಕಂಡು ನಿಂತ್ಕಳ್ರಿ. ಅದು ಹೋಗಿದ್ರೆ ಆಟೋ ತುಂಬೋತಂಕ ಕಾಯ್ಬೇಕು. ಅವನೂ ಗಡಿ ಕಲ್ಲಿನ್ತಾವ ಇಳಿಸ್ತಾನೆ, ಮುಂದಕ್ಕೆ ಬರಲ್ಲ ಅಂತಾನೆ. ಅಲ್ಲಿಂದ ನಡಿಯಾದೇ. ಹಳ್ಳ ಬರ್ತೈತೆ, ಬೂಟು ಬಿಚ್ಚಿ ಕೈಯಾಗೆ ಹಿಡ್ಕಳ್ರಿ. ಎಡಕ್ಕೆ ಹೋಗ್ಬ್ಯಾಡ್ರಿ, ಅಲ್ಲಿ ಆಳ ಐತೆ, ಹೋದ್ವರ್ಷ ನಾನೇ ಬಿದ್ದಿದ್ದೆ. ದಾಟಿದ್ರೆ ಹುಣಸೇಮರ. ಅದ್ರ ಬುಡದಾಗೆ ಒಂದೀಟು ಕಾಲು ನೀವ್ಕಂಡು ಎದ್ರೆ ನಮ್ಮೂರು ಕಾಣ್ತೈತೆ. ಮಧ್ಯಾಹ್ನದ ಮ್ಯಾಲೆ ಬಂದ್ರೆ ವಾಪಸ್ ಹೋಗಾಕೆ ಏನೂ ಇರಲ್ಲ. ಉಳ್ಕಂಬೇಕಾಗ್ತೈತೆ. ಉಳ್ಕಂಡ್ರೆ ನಮಗೂ ಸಂತೋಷ."

ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಬಸ್ಸು ಹೋಗೋ ರಸ್ತೆ ಇಲ್ವಾ ಅಜ್ಜಿ?"

"ಐತಲ್ಲ ಸ್ವಾಮಿ, ಡಾಂಬರು. ಅದು ಸುತ್ತು. ನಡಿಯೋರು ಅದ್ರಾಗೆ ಹೋದ್ರೆ ಹೊತ್ತು ಮುಳುಗ್ತೈತೆ."

"ಇವತ್ತು ನೀವು ಬಂದಿದ್ದೂ ಹಳ್ಳ ದಾಟಿನಾ?"

"ಹೂಂ. ಮತ್ತೆಂಗೆ ಬರಾದು?"

"ಆರಾಮಾಗಿ ಬಂದ್ವಿ ಅಂದ್ರಲ್ಲ?"

"ಬಂದ್ವಲ್ಲ ಸ್ವಾಮಿ!" ಅಂದಳು ಅಜ್ಜಿ, ಇಷ್ಟು ಓದಿದವರಿಗೆ ಇದೂ ಗೊತ್ತಾಗುವುದಿಲ್ಲವೇ ಎಂಬಂತೆ.

ಸಾಹೇಬರು ಪೆನ್ನಿನ ಕ್ಯಾಪು ಮತ್ತೆ ತೆಗೆದರು. "ಇದನ್ನೂ ದಾಖಲಿಸಿಕೊಳ್ಳೋಣವಾ?" ಎಂದು ಎದುರು ವಕೀಲರನ್ನು ಕೇಳಿದರು. ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಹೊರಗೆ ಬಂದಾಗ ಅಣ್ಣನಿಗೆ ಖುಷಿಯೋ ಖುಷಿ. ಖುಷಿಪಡದೆ ಇದ್ದವಳು ಅತ್ತಿಗೆ ಒಬ್ಬಳೇ. ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು.

"ನಿನ್ ಮಗ ಬೈಕ್‌ನಾಗೆ ಧರ್ಮಪುರದ ತಂಕ ಬಿಡ್ತಾನೆ ಅಂತಿದ್ಯಲ್ಲವ್ವ?"

"ಅವನು ಕುರಿ ಹಿಂದೆ ಹೋಗಿರ್ತಾನೆ ಕಣೆ."

"ಹಳ್ಳದಾಗೆ ಬಿದ್ದಿದ್ದೆ ಅಂತ ಒಂದ್ ಮಾತು ಹೇಳ್ಲಿಲ್ಲ ನನಗೆ."

"ಹೇಳಿದ್ರೆ ನೀನು ಬರಬ್ಯಾಡ ಅಂತಿದ್ದೆ" ಅಂದಳು ಅಜ್ಜಿ.

ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನನ್ನ 'ಸೌಲಭ್ಯವಂಚಿತ ಜನತೆ' ಎಂಬ ಮಾತಿಗೆ ಬಾರದ ಅಳು ಈಗ ನನಗೂ ಬಂತು. ಪಕ್ಕದಲ್ಲಿ ಕೋಳಿ ಚೀಲದಿಂದ ಕತ್ತು ಹೊರಹಾಕಿ ನಮ್ಮನ್ನೆಲ್ಲ ನೋಡುತ್ತಿತ್ತು. (ಅದಕ್ಕೆ ತನ್ನ ಮುಂದಿನ ಗತಿ ಗೊತ್ತಿರಲಿಲ್ಲ. ಸಂಜೆ ಸಾರು ಚೆನ್ನಾಗಿತ್ತು.)

ನಮ್ಮ ಕಡೆಯಿಂದ ಪರ್ಮಿಟ್ಟು ಸಿಕ್ಕಿತು. ಆಮೇಲೆ ಆ ಕಡೆಯ ಕೌಂಟರ್ ಸೈನ್‌ಗಾಗಿ ಅಣ್ಣ ತನ್ನ ಹರಕುಮುರುಕು ತೆಲುಗನ್ನು ಇಟ್ಟುಕೊಂಡು ಆಂಧ್ರದ ಕಚೇರಿಗಳಿಗೆ ಅಲೆದ ಕಥೆ ದೊಡ್ಡದು. ಅಲೆದು ಬಂದಾಗಲೆಲ್ಲ ಅತ್ತಿಗೆ "ಆರಾಮಾಗಿ ಬಂದ್ರಾ?" ಅನ್ನುವಳು. ಅವನೂ "ಆರಾಮಾಗಿ ಬಂದೆ" ಅನ್ನುವನು. ಆ ಕಾಲದಲ್ಲಿ ಅವನ ರೊಟ್ಟಿಯ ಮೇಲೆ ಬೆಣ್ಣೆ ಧಾರಾಳವಾಗಿ ಬೀಳುತ್ತಿತ್ತು ಎಂದಷ್ಟೇ ಹೇಳಬಲ್ಲೆ.

ಕೊನೆಗೂ ಸೈನು ಬಿತ್ತು. ಮೊನ್ನೆ ಬಸ್ಸು ಮೊದಲ ಸಲ ಗಡಿ ದಾಟಿ ಹೋಗಿ ಬಂತು. ಹೂವಿನ ಹಾರ ಹಾಕಿಕೊಂಡು ಹೊಸದುರ್ಗದ ಸ್ಟ್ಯಾಂಡಿಗೆ ಬಂದು ನಿಂತ ಬಸ್ಸಿನಿಂದ ಮೊದಲು ಇಳಿದದ್ದು ಕೋಳಿ, ಆಮೇಲೆ ಕೆಂಚಜ್ಜಿ. ಸೀರೆಯ ಅಂಚು ಕೆಸರಿಲ್ಲದೆ ಶುಭ್ರವಾಗಿತ್ತು. ಅತ್ತಿಗೆ ನೀರಿನ ಚೊಂಬು ಹಿಡಿದು ಓಡಿದಳು.

"ಆರಾಮಾಗಿ ಬಂದ್ಯೇನವ್ವ?"

"ಎಲ್ಲಿ ಆರಾಮು!" ಅಂದಳು ಅಜ್ಜಿ. "ಸೀಟೋ, ಬಂಡೆ ಇದ್ದಂಗೈತೆ. ಕಿಟಕಿ ಮುಚ್ಚಾಕೆ ಬರಲ್ಲ, ಧೂಳೆಲ್ಲ ಬಾಯಿಗೆ. ಆ ಡ್ರೈವರ್ರು ಹಂಪ್ ಬಂದ್ರೆ ಬ್ರೇಕು ಹಿಡಿಯಾದೇ ಇಲ್ಲ, ನನ್ ಸೊಂಟ ಹೋತು. ಹಾಡು ಬೇರೆ ಅಷ್ಟು ಜೋರಾಗಿ ಹಾಕ್ತಾನೆ!"

ಅಣ್ಣನ ಮುಖ ನೋಡಬೇಕಿತ್ತು. "ಅಲ್ಲಾ ಅತ್ತೆ, ಹಳ್ಳ ದಾಟ್ಕಂಡು ಬರ್ತಿದ್ದಾಗ ಒಂದಿನಾನೂ ಒಂದ್ ಮಾತು ಆಡ್ಲಿಲ್ಲ ನೀವು!"

ಅಜ್ಜಿ ಅಳಿಯನ ಜೊತೆ ನೇರವಾಗಿ ಮಾತಾಡುವವಳಲ್ಲ. ಮಗಳ ಕಡೆ ತಿರುಗಿ ಹೇಳಿದಳು.

"ಹಳ್ಳ ಏನು ನಮ್ಮಳಿಯಂದಾ?"

ಅತ್ತಿಗೆ ನಕ್ಕಳು ನೋಡಿ! ಚೊಂಬಿನ ನೀರೆಲ್ಲ ಚೆಲ್ಲಿತು. ಅಣ್ಣನೂ ಸೋತು ನಕ್ಕ. ಮಾರನೇ ದಿನವೇ ಕಿಟಕಿ ರಿಪೇರಿಗೆ ಬಿಟ್ಟನಂತೆ. ನಮ್ಮವರು, ನಮ್ಮದು ಅನ್ನಿಸಿದ ಮೇಲೇ ಅಲ್ಲವೇ ಬಾಯಿಬಿಟ್ಟು ದೂರು ಹೇಳುವುದು?

ಅಂದಹಾಗೆ, ಕಳೆದ ಸಲ ನಿಮ್ಮ ಮನೆಗೆ ಆರಾಮಾಗಿ ಬಂದ ನಿಮ್ಮಮ್ಮ ಯಾವ ದಾರಿಯಲ್ಲಿ ಬಂದರು, ಕೇಳಿದ್ದೀರಾ?