ಪೂಜೆಯಾದ ಮೇಲೆ ಬಂದ್ ಮಾಡಬಾರದ ಕಂಪ್ಯೂಟರ್

ಮೊನ್ನೆ ಶಕ್ತಿನಗರದಲ್ಲಿ ಪರಿಚಯದವರೊಬ್ಬರ ಔಷಧಿ ಅಂಗಡಿಯ ಉದ್ಘಾಟನೆ. ಬಿಲ್ಲಿನ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಮುಂದೆ ಊದುಬತ್ತಿ ಸಿಕ್ಕಿಸಿದ್ದರು. ಬಿಸಿಯಾದ ಯಂತ್ರದ ವಾಸನೆಗೆ ಆ ಹೊಗೆ ಬೆರೆತದ್ದೇ ತಡ, ನಾನು ಹಿಂದೆ ಕೆಲಸಕ್ಕಿದ್ದ ಆಸ್ಪತ್ರೆಯ ಕಂಪ್ಯೂಟರ್ ಆಪರೇಟರ್ ಅಕ್ಕ ನೆನಪಾದರು. ಜತೆಗೆ ಹಳೆಯ ಸಿಟ್ಟೂ ಬಂತು. ಕೊಟ್ಟ ಲಾಡನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡೆ.

ನಾನಾಗ ಆ ಖಾಸಗಿ ಆಸ್ಪತ್ರೆಯಲ್ಲಿ ಹೆಡ್ ಕ್ಲಾರ್ಕ್. ಲ್ಯಾಬಿನಲ್ಲಿ ಮೌಸ್ ಎಂಬ ಪ್ರಾಣಿಯನ್ನೇ ಕಾಣದ, ಎಲ್ಲವನ್ನೂ ಟೈಪ್ ಮಾಡಿಯೇ ಹೇಳಬೇಕಾದ ಹಳೆಯ ಯುನಿಕ್ಸ್ ಕಂಪ್ಯೂಟರ್ ಒಂದಿತ್ತು. ರಕ್ತಪರೀಕ್ಷೆಯ ವರದಿಗಳೆಲ್ಲ ಅದರ ಹೊಟ್ಟೆಯಲ್ಲಿ. ಅವು ವಾರ್ಡುಗಳಿಗೂ ನೇರ ತಲುಪಲೆಂದು ಅದಕ್ಕೆ ಎರಡನೆಯ ನೆಟ್‌ವರ್ಕ್ ಕಾರ್ಡ್ ಹಾಕಿಸಲು ಆಡಳಿತ ಗಂಭೀರವಾಗಿ ನಿರ್ಣಯಿಸಿತು. ಟೈ ಕಟ್ಟಿದ ಇಂಜಿನಿಯರ್ ಬಂದರು, ಕಾರ್ಡ್ ಕೂರಿಸಿದರು, ಒಂದು ಸಾಲು ಟೈಪ್ ಮಾಡಿದರು. ವಾರ್ಡಿನ ಪರದೆಯಲ್ಲಿ ವರದಿ ಮೂಡಿತು. ಪೂಜೆಯಾಯಿತು, ತೆಂಗಿನಕಾಯಿ ಒಡೆಯಿತು.

ಅಕ್ಕ ಮಾತ್ರ ಮೂಲೆಯಿಂದ, "ಸರ್, ಟೈಪ್ ಮಾಡಿದ್ದು ಮಾತ್ರ ಸಾಕಾಗುದಿಲ್ಲ. ಇದರೊಳಗಿನ ಫೈಲಿನಲ್ಲಿ ಬರೆದಿಡಬೇಕು. ಇಲ್ಲದಿದ್ರೆ ಬಂದ್ ಆದ ಕೂಡಲೇ ಎರಡನೇ ಕಾರ್ಡನ್ನು ಇದು ಮರೀತದೆ. ಒಮ್ಮೆ ಬಂದ್ ಮಾಡಿ, ಪುನಃ ಹಾಕಿ ತೋರಿಸಿ," ಎಂದರು.

"ಪೂಜೆ ಆದ ಮೇಲೆ ಬಂದ್ ಮಾಡುದಾ? ನಿಮಗೆಂತ ಮರ್ಲಾ ಮಾರಾಯ್ತಿ?" ಎಂದು ಮ್ಯಾನೇಜರ್ ನಕ್ಕರು. ಟೈ ನಕ್ಕಿತು. ಸಭಾಮರ್ಯಾದೆಗೆಂದು ನಾನೂ...

ಮೂರನೆಯ ದಿನ ಮಧ್ಯಾಹ್ನ ಗುಡುಗಿಗೆ ಕರೆಂಟ್ ಹೋಯಿತು. ಯುಪಿಎಸ್ ಐದು ನಿಮಿಷ ಕರ್ತವ್ಯ ಪಾಲಿಸಿ ಕಣ್ಮುಚ್ಚಿತು. ಕರೆಂಟ್ ಬಂದು ಯಂತ್ರ ಎದ್ದಾಗ ತನ್ನೊಳಗೆ ಎರಡನೆಯ ಕಾರ್ಡೊಂದು ಉಂಟೆಂಬುದೇ ಅದಕ್ಕೆ ಗೊತ್ತಿಲ್ಲ. ಆಪರೇಷನ್‌ಗೆ ಕಾದಿದ್ದವರ ವರದಿಗಾಗಿ ವಾರ್ಡಿನಿಂದ ಫೋನಿನ ಮೇಲೆ ಫೋನು. ಇಂಜಿನಿಯರ್ ಫೋನೆತ್ತಲಿಲ್ಲ. ಅಕ್ಕ ನನ್ನ ಕಣ್ಣೆದುರೇ ಕುಳಿತು ಕಾರ್ಡಿನ ವಿಳಾಸವನ್ನು ಫೈಲಿನಲ್ಲಿ ಬರೆದರು, ಯಂತ್ರ ಬಂದ್ ಮಾಡಿದರು, ಪುನಃ ಹಾಕಿದರು. ವರದಿಗಳು ಹೋದವು. ಒಟ್ಟು ಹತ್ತು ನಿಮಿಷದ ಕೆಲಸ.

ಅಕ್ಕನಿಗೆ ಬಹುಮಾನವಾಗಿ ನೋಟಿಸ್ ಬಂತು. ಅನುಮತಿಯಿಲ್ಲದೆ ಯಂತ್ರ ಮುಟ್ಟಿ ಕೆಡಿಸಿದ್ದು ಅವರೇ ಅಂತೆ. ಮ್ಯಾನೇಜರ್ ತಾವೇ ಕರೆಸಿದ ಟೈಯನ್ನು ತಪ್ಪಿತಸ್ಥ ಮಾಡಲಿಕ್ಕುಂಟೇ? ವಿಚಾರಣೆಯಲ್ಲಿ ಅಕ್ಕ, "ಕೆಟ್ಟದ್ದು ಮೊದಲಾ, ನಾನು ಮುಟ್ಟಿದ್ದು ಮೊದಲಾ? ಹೆಡ್ ಕ್ಲಾರ್ಕ್ ಅಲ್ಲೇ ಇದ್ದರು, ಅವರನ್ನೇ ಕೇಳಿ," ಎಂದರು.

ಕೇಳಿದರು. "ನಾನು ಸರಿಯಾಗಿ ಗಮನಿಸಲಿಲ್ಲ," ಎಂದೆ.

ಅಕ್ಕನ ಕೆಲಸ ಹೋಯಿತು. ಅವರು ಬರೆದ ಆ ಫೈಲಿನ ಬಲದಿಂದ ಕಂಪ್ಯೂಟರ್ ಮಾತ್ರ ಮತ್ತೆಷ್ಟೋ ವರ್ಷ ದುಡಿಯಿತು. ನನ್ನ ಸಿಟ್ಟನ್ನು ನಾನು ಮ್ಯಾನೇಜರ್ ಮೇಲೆ, ಟೈ ಮೇಲೆ, ಕರೆಂಟಿನವರ ಮೇಲೆ ಧಾರಾಳವಾಗಿ ಹಂಚಿಬಿಟ್ಟಿದ್ದೆ. ನನ್ನ ಪಾಲಿಗೆ ಏನೂ ಉಳಿಸಿಕೊಂಡಿರಲಿಲ್ಲ.

ಮೊನ್ನೆ ಉದ್ಘಾಟನೆಯಿಂದ ನೇರ ಕುಲಶೇಖರದ ಅವರ ಮನೆಗೆ ಹೋದೆ. ಬಾಗಿಲು ತೆಗೆದದ್ದು ಅವರ ತಮ್ಮ. ಅಕ್ಕ ತೀರಿಕೊಂಡು ಎರಡು ವರ್ಷವಾಯಿತಂತೆ... ನಾನು ಯಾರೆಂದು ಹೇಳಿದೆ.

"ಓ, ನೀವಾ," ಎಂದು ಅವರು ಅರ್ಧ ತೆರೆದ ಬಾಗಿಲನ್ನು ಹಿಡಿದೇ ನಿಂತರು. "ಅಕ್ಕ ಆ ಮ್ಯಾನೇಜರನ್ನು ಯಾವತ್ತೂ ಬೈದದ್ದಿಲ್ಲ. ಪಾಪ, ಕರೆಂಟ್ ಹೋದ ದಿನ ಅವರು ಅಲ್ಲಿರಲಿಲ್ಲ, ಅವರಿಗೆಂತ ಗೊತ್ತುಂಟು, ಅಂತಿದ್ದಳು."

ಒಳಗೆ ಬನ್ನಿ ಎಂದು ಅವರು ಕರೆಯಲಿಲ್ಲ.