ಮರಳಿನ ತಳದ ಬಿಸಿ

ನಾನು ಡ್ರೆಸ್ಡೆನ್‌ನ ಒಂದು ಪ್ರಾಣಿ ಚಿಕಿತ್ಸಾಲಯದಲ್ಲಿ ಸರೀಸೃಪಗಳ ವಿಭಾಗ ನೋಡಿಕೊಳ್ಳುತ್ತಿದ್ದ ಕಾಲದ ಮಾತಿದು. ಧಾರವಾಡದ ಕಡೆ ಎಮ್ಮೆ, ಎತ್ತುಗಳಿಗೆ ಮದ್ದು ಕೊಡುತ್ತ ವೃತ್ತಿ ಶುರು ಮಾಡಿದವಳು ಜರ್ಮನಿಗೆ ಬಂದು ಹಾವು, ಹಲ್ಲಿ, ಆಮೆಗಳ ಡಾಕ್ಟರ್ ಆದೆ. ನಮ್ಮ ಮನೆಯವರು ಇವತ್ತಿಗೂ ಇದನ್ನು ಹೇಳಿಕೊಂಡು ನಗುತ್ತಾರೆ. ನಗಲಿ ಬಿಡಿ, ನನಗೇನು!

ಒಂದು ಜನವರಿ. ಬೀದಿಯಲ್ಲಿ ಹಿಮ ಗಟ್ಟಿಯಾಗಿತ್ತು, ನಡೆದರೆ ಕಾಲು ಜಾರುತ್ತಿತ್ತು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಹುಬ್ಬಳ್ಳಿಯ ಹುಡುಗಿ ರುಕ್ಸಾನಾ ಜಾಕೆಟ್ಟಿನೊಳಗೆ ಒಂದು ಡಬ್ಬಿ ಅವಚಿಕೊಂಡು ಬಂದಳು. ಡಬ್ಬಿಯಲ್ಲಿ ಒಂದು ಸ್ಯಾಂಡ್ ಬೋವಾ ಹಾವಿನ ಮರಿ. ನಮ್ಮ ಕಡೆ ಮಣ್ಣುಮುಕ್ಕ ಅನ್ನುತ್ತೇವಲ್ಲ, ಅದರ ಆಫ್ರಿಕಾದ ಬಂಧು. ವಿಷವಿಲ್ಲ, ನನ್ನ ಬೆರಳಿನಷ್ಟೂ ದಪ್ಪವಿಲ್ಲ, ಬದುಕೆಲ್ಲ ಮರಳಿನೊಳಗೇ. ಅವಳ ಬಾಡಿಗೆ ಮನೆಯಲ್ಲಿ ನಾಯಿ ಸಾಕಲು ಮಾಲೀಕರು ಒಪ್ಪಿರಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಸುಮ್ಮನಿರುವ ಈ ಜೀವಕ್ಕೆ ಅವರ ತಕರಾರಿರಲಿಲ್ಲ.

"ಮೇಡಂ, ಏನೂ ತಿನ್ನವಲ್ತ್ರಿ. ಉಸುಕಿನಾಗ ಹೊಕ್ಕಿದ್ದು ಮ್ಯಾಲೆ ಬರವಲ್ತು. ಥಂಡಿ ಹತ್ತೇತಿ ಅನಸ್ತದ," ಅಂದಳು.

ಮರಿಯನ್ನು ಮೆಲ್ಲಗೆ ಹೊರಳಿಸಿ ನೋಡಿದೆ. ಹೊಟ್ಟೆಯ ಹುರುಪೆಗಳು ಕೆಂಪಾಗಿದ್ದವು, ಎರಡು ಕಡೆ ಬೊಬ್ಬೆ ಎದ್ದಿತ್ತು. ಥಂಡಿಯಂತೆ ಥಂಡಿ! ಇದು ಸುಟ್ಟ ಗಾಯ. ಹಾಗೆಂದಾಗ ಅವಳು ನಂಬಲಿಲ್ಲ. ಪೆಟ್ಟಿಗೆಯ ಥರ್ಮಾಮೀಟರ್ ಇಪ್ಪತ್ತೈದರ ಮೇಲೆ ಹೋಗಿಯೇ ಇಲ್ಲ, ಎಷ್ಟು ಬಿಸಿ ಮಾಡಿದರೂ ಸಾಲುತ್ತಿಲ್ಲ ಎಂದಳು. ಆಮೇಲೆ ದನಿ ಇಳಿಸಿ, "ಈ ಊರಾಗ ನನ್ನ ಕೂಡ ಇರೋದು ಇದೊಂದ ಜೀವಾರಿ. ಬದುಕ್ತೈತಲ್ರಿ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.

ಮರಿಗೆ ನೋವಿನ ಔಷಧಿ, ಚರ್ಮದಡಿ ಸೂಜಿಯಿಂದ ನೀರಿನಂಶ, ಗಾಯಕ್ಕೆ ಮುಲಾಮು. ಮರಳು ಅಂಟಬಾರದೆಂದು ಬಿಳಿ ಕಾಗದದ ಹಾಸಿಗೆ. ಅಷ್ಟು ಮಾಡಿ ಸಂಜೆ ಅವಳ ಜೊತೆ ಟ್ರಾಮ್ ಹತ್ತಿದೆ. ಮದ್ದು ಎಷ್ಟೇ ಹಚ್ಚಿದರೂ ಸುಟ್ಟ ಜಾಗಕ್ಕೇ ಮರಳಿ ಕಳಿಸಿದರೆ ಏನು ಪ್ರಯೋಜನ?

ಕೋಣೆಗೆ ಕಾಲಿಟ್ಟರೆ ಪೆಟ್ಟಿಗೆಯೇ ಕಾಣಲಿಲ್ಲ. ಅದರ ಸುತ್ತ, ಮೇಲೆ, ಎಲ್ಲ ಕಡೆ ಕೌದಿ ಹೊದಿಸಿದ್ದಳು. ಅವಳ ಅಮ್ಮ ಹಳೆಯ ಸೀರೆಗಳನ್ನು ಕೂಡಿಸಿ ಕೈಯಾರೆ ಹೊಲಿದು ಕೊಟ್ಟ ಕೌದಿಯಂತೆ. ನಮ್ಮವರಿಗೆ ಥಂಡಿಯ ಹೆದರಿಕೆ ಅಷ್ಟಿಷ್ಟಲ್ಲ. ಕೂಸು ಅತ್ತರೂ ಥಂಡಿ, ಸುಮ್ಮನಿದ್ದರೂ ಥಂಡಿ. ಬೇಸಿಗೆಯಲ್ಲೂ ತಲೆಗೆ ಕುಂಚಿಗೆ ಕಟ್ಟಿಬಿಡುತ್ತೇವೆ. ಜರ್ಮನಿಯ ಚಳಿಗಾಲದಲ್ಲಿ ಹಾವಿನ ಮರಿಗೂ ಅದೇ ಉಪಚಾರ ನಡೆದಿತ್ತು.

ಮರಳಿನೊಳಗೆ ಕೈ ಇಳಿಸಿದೆ. ಮೇಲೆ ಉಗುರು ಬೆಚ್ಚಗಿತ್ತು. ತಳ ಮುಟ್ಟಿದೊಡನೆ ಕೈ ಚುರ್ ಎಂದಿತು! ನನ್ನ ಥರ್ಮಾಮೀಟರ್ ಇಟ್ಟು ನೋಡಿದರೆ ನಲವತ್ತಾರು ಡಿಗ್ರಿ. ಪೆಟ್ಟಿಗೆಯ ತಳಪೂರ್ತಿ ಹೀಟ್ ಮ್ಯಾಟ್, ಅಂದರೆ ವಿದ್ಯುತ್ತಿನಿಂದ ಕಾಯುವ ಹಾಳೆ. ಅದನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್‌ನ ಬಿಸಿ ಅಳೆಯುವ ಸೆನ್ಸರ್ ಮಾತ್ರ ಮೇಲೆ, ಗಾಜಿಗೆ ಅಂಟಿಕೊಂಡಿತ್ತು. ದಪ್ಪ ಮರಳು ಬಿಸಿಯನ್ನು ಮೇಲೆ ಬಿಡುತ್ತಿರಲಿಲ್ಲ. ಗಾಳಿ ಇನ್ನೂ ತಣ್ಣಗಿದೆ ಎಂದುಕೊಂಡು ಸೆನ್ಸರ್ ಮ್ಯಾಟನ್ನು ಕಾಯಿಸುತ್ತಲೇ ಇತ್ತು. ತಳದಲ್ಲಿ ಸಿಕ್ಕಿಕೊಂಡ ಬಿಸಿಗೆ ಕೌದಿ ಹೊರದಾರಿ ಮುಚ್ಚಿತ್ತು.

"ಹಂಗಾದ್ರ ಸುಟ್ಟಾಗ ಮ್ಯಾಲೆ ಯಾಕ ಬರಲಿಲ್ರಿ?" ರುಕ್ಸಾನಾ ಕೇಳಿದಳು.

ಉತ್ತರ ಹೇಳಲು ಬಾಯಿ ತೆರೆದಾಗಲೇ ನನಗೂ ಅದು ಹೊಳೆಯಿತು. ಈ ಮರಿ ಹುಟ್ಟಿದ್ದು ಜರ್ಮನಿಯಲ್ಲಿ ಒಬ್ಬರ ಮನೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಅದರ ತಾಯಿ ಕೂಡ ಹಾಗೇ. ಮರುಭೂಮಿಯ ಸೂರ್ಯನನ್ನು ಒಮ್ಮೆಯೂ ಕಂಡದ್ದಲ್ಲ. ಆದರೂ ಅದರ ಮೈಗೆ ಗೊತ್ತು: ಬಿಸಿ ಬರುವುದು ಆಕಾಶದಿಂದ, ತಂಪಿರುವುದು ನೆಲದಾಳದಲ್ಲಿ. ಸುಟ್ಟಷ್ಟೂ ಅದು ಕೆಳಗೆ ಕೊರೆಯಿತು. ಅದರ ಹಿರಿಯರನ್ನೆಲ್ಲ ಉಳಿಸಿದ ಬುದ್ಧಿಯೇ ಅದನ್ನು ಬೆಂಕಿಗೆ ಒಯ್ದಿತ್ತು. ಇದನ್ನೇ ಅವಳಿಗೆ ಹೇಳಿದೆ.

ಅವಳು ಪೆಟ್ಟಿಗೆಗೆ ಸುತ್ತಿದ್ದ ಕೌದಿಯನ್ನು ಎಳೆದು ತೆಗೆದಳು. "ನಾನ ಸುಟ್ಟೆನೇನ್ರಿ ಅದನ್ನ?"

ನನ್ನ ಬಾಯಿ ಮೊದಲೇ ಜೋರು, ಬೈಯಬೇಕೆಂದೇ ಬಂದಿದ್ದೆ. ಆ ಮುಖ ನೋಡಿ ಬೈಗುಳ ಬಿಟ್ಟೆ. "ಜ್ವಾಕಿ ಮಾಡೀದಿ ಅವ್ವಾ. ತಳಾ ಮುಟ್ಟಿ ನೋಡಲಿಲ್ಲ, ಅಷ್ಟ," ಅಂದೆ.

ಇಬ್ಬರೂ ಸೇರಿ ಪೆಟ್ಟಿಗೆ ಬದಲಿಸಿದೆವು. ಮ್ಯಾಟ್ ಕಿತ್ತು, ಒಂದೇ ಮೂಲೆಗೆ ಮೇಲಿನಿಂದ ಬಿಸಿ ದೀಪ ಹಾಕಿದೆವು, ತಾಗದಂತೆ ಜಾಲರಿ ಕಟ್ಟಿದೆವು. ಸೆನ್ಸರನ್ನು ಮರಳಲ್ಲೇ ಹುಗಿದೆವು. ಬೆಚ್ಚನೆಯ ಮೂಲೆ ಮೂವತ್ತಮೂರು ಡಿಗ್ರಿ, ಆಚೆ ತುದಿ ಇಪ್ಪತ್ತೈದು. ಮರಿ ಮಾತ್ರ ಚಿಕಿತ್ಸಾಲಯದಲ್ಲಿ ವಾರಗಟ್ಟಲೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬಂತೆ ಮಲಗಿತ್ತು. ರುಕ್ಸಾನಾ ದಿನಾ ಬಂದು ನೋಡಿಹೋಗುತ್ತಿದ್ದಳು. ಕೊನೆಗೊಮ್ಮೆ ಪೊರೆ ಬಿಟ್ಟಿತು. ಅಡಿಯಲ್ಲಿ ಹೊಸ ಹುರುಪೆ ಮೂಡಿತ್ತು. ನಾನು ಮನೆಗೆ ಒಯ್ಯಲು ಹೇಳಿದೆ.

ಅದನ್ನು ಮರಳಿಗೆ ಬಿಟ್ಟ ದಿನ ನಾನೂ ಹೋಗಿದ್ದೆ. ಕ್ಷಣದಲ್ಲಿ ಮಾಯವಾಯಿತು. ನಾವು ಪೆಟ್ಟಿಗೆಯ ಮುಂದೆ ಕೂತೆವು. ಬಹಳ ಹೊತ್ತಿನ ಮೇಲೆ ತಂಪಿನ ತುದಿಯಲ್ಲಿ ಮರಳು ಒಂದಿಷ್ಟು ಉಬ್ಬಿತು. ಆ ಉಬ್ಬು ನಿಧಾನಕ್ಕೆ ಸರಿಯುತ್ತ ದೀಪದ ಕಡೆ ಬಂತು. ಅಲ್ಲಿ ಮರಳು ಸೀಳಿ ಎರಡು ಪುಟ್ಟ ಕಣ್ಣು ಮೇಲೆದ್ದವು.

"ನಾ ಕರದಿಲ್ರಿ. ತಾನ ಬಂತು," ಎಂದು ಪಿಸುಗುಟ್ಟಿದಳು ರುಕ್ಸಾನಾ.

ಈಗ ನನ್ನ ಬಳಿ ಯಾರೇ ಬರಲಿ, ಎಷ್ಟು ಬಿಸಿ ಕೊಡುತ್ತೀರಿ ಎಂದು ಮೊದಲು ಕೇಳುವುದಿಲ್ಲ. ಬಿಸಿ ಸಾಕೆನಿಸಿದಾಗ ಆ ಜೀವ ಎಲ್ಲಿಗೆ ಹೋಗಬೇಕು ಎಂದು ಕೇಳುತ್ತೇನೆ.